ಬಾಗಕ್ಕೊಂದು ಬೀಗ: ಸೊಲ್ಲಾಪುರದ ಉದ್ಯಾನಗಳು ಯಾರವು?

ನಾಲ್ಕು ವರ್ಷಗಳ ಹಿಂದೆ ನಮ್ಮ ಬಡಾವಣೆಯವರು ಸೇರಿ ಒಂದು ಅರ್ಜಿ ಬರೆದರು. ಬಡಾವಣೆಯ ಉದ್ಯಾನದಲ್ಲಿ ಹಿಂಬದಿಯ ಝೋಪಡಪಟ್ಟಿಯ ಹುಡುಗರು ಮಧ್ಯಾಹ್ನವೆಲ್ಲ ಕ್ರಿಕೆಟ್ ಆಡುತ್ತಾರೆ, ಹೆಂಗಸರು ಬೇವಿನ ಮರದ ಕೆಳಗೆ ಮೊರ ಹಿಡಿದು ಬೀಡಿ ಕಟ್ಟುತ್ತ ಕೂರುತ್ತಾರೆ, ಇದರಿಂದ ಪರಿಸರ ಹಾಳಾಗುತ್ತಿದೆ. ಆದ್ದರಿಂದ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆಯವರೆಗೆ ಗೇಟಿಗೆ ಬೀಗ ಹಾಕಬೇಕು ಎಂಬುದು ಅದರ ಸಾರ. ಮರಾಠಿಯಲ್ಲಿದ್ದ ಆ ಅರ್ಜಿಗೆ ಮೂವತ್ತೊಂದು ಸಹಿಗಳು ಬಿದ್ದವು. ಹದಿನೇಳನೆಯದು ನನ್ನದು, ಕನ್ನಡದಲ್ಲಿ. ಸಹಿಯನ್ನಾದರೂ ತಾಯ್ನುಡಿಯಲ್ಲಿ ಮಾಡಿದೆನೆಂಬ ಹೆಮ್ಮೆ ಅಂದು ನನಗಿತ್ತು. ಸಹಿ ಯಾವುದಕ್ಕೆ ಮಾಡಿದೆ ಎಂದು ಯೋಚಿಸಿದ್ದು ಬಹಳ ತಡವಾಗಿ. ಬೀದಿದೀಪಕ್ಕೆ ಆರು ತಿಂಗಳು ಕಾದಿದ್ದ ನಮಗೆ ಬೀಗ ಮಾತ್ರ ಒಂದೇ ವಾರದಲ್ಲಿ ಬಂತು.

ಆ ಅರ್ಜಿಯ ಒಂದು ಪದ ನನ್ನನ್ನು ಈಗಲೂ ಕಾಡುತ್ತದೆ: ಪರಿಸರ. ಕನ್ನಡದಲ್ಲಿ ಪರಿಸರವೆಂದರೆ ಗಾಳಿ, ನೀರು, ಕಾಡು, ಹಕ್ಕಿಪಕ್ಕಿ ಎಲ್ಲವೂ ಹೌದು. ಮರಾಠಿಯವರು ಅದನ್ನು ‘ಪರ್ಯಾವರಣ’ ಎನ್ನುತ್ತಾರೆ. ಅವರ ‘ಪರಿಸರ’ ಬರಿಯ ಆವರಣ, ಸುತ್ತಮುತ್ತಲ ಜಾಗ; ದೇವಸ್ಥಾನದ ಪರಿಸರ, ಆಸ್ಪತ್ರೆಯ ಪರಿಸರ ಎಂಬಂತೆ. ನೆರೆಯವರು ಬರೆದದ್ದು ಅಂಗಳದ ಅಚ್ಚುಕಟ್ಟಿನ ಮಾತು, ನಾನು ಓದಿಕೊಂಡದ್ದು ಪ್ರಕೃತಿಯ ರಕ್ಷಣೆಯ ಮಾತು. ಎರಡು ಮೂರು ಭಾಷೆಗಳ ಊರಿನಲ್ಲಿ ಇಂಥ ಎಡವಟ್ಟು ದಿನಬೆಳಗಾದರೆ ಆಗುತ್ತದೆ. ಆದರೆ ಇದೇ ಎಡವಟ್ಟು ಒಂದೇ ಭಾಷೆಯೊಳಗೂ ನಡೆಯುತ್ತದೆ, ಅದೂ ನ್ಯಾಯಾಲಯ, ಸಚಿವಾಲಯಗಳ ಮಟ್ಟದಲ್ಲಿ. ತನ್ನ ಅಂಗಳ ಚೊಕ್ಕಟವಾಗಿರಲಿ ಎಂಬ ಆಸೆಯೇ ಪ್ರಕೃತಿಪ್ರೇಮದ ಅಂಗಿ ತೊಟ್ಟು ಹೇಗೆ ಸಾರ್ವಜನಿಕ ನೀತಿಯಾಗುತ್ತದೆ ಎಂಬುದನ್ನು ಸಮಾಜಶಾಸ್ತ್ರಜ್ಞೆ ಅಮಿತಾ ಬಾವಿಸ್ಕರ್ ದೆಹಲಿಯನ್ನು ಮುಂದಿಟ್ಟುಕೊಂಡು ಎರಡು ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಇದಕ್ಕೆ ಅವರು ಕೊಟ್ಟ ಹೆಸರು ‘ಬೂರ್ಜ್ವಾ ಪರಿಸರವಾದ’. ಉಳ್ಳವರ ಪರಿಸರವಾದ ಎಂದರೂ ನಡೆಯುತ್ತದೆ.

ಬಾವಿಸ್ಕರ್ ಮೊದಲು ಹೆಸರಾದದ್ದು ನರ್ಮದಾ ಕಣಿವೆಯ ಆದಿವಾಸಿಗಳ ನಡುವೆ ಮಾಡಿದ ಅಧ್ಯಯನದಿಂದ. ಆ ಪುಸ್ತಕ 1995ರಲ್ಲಿ ಬಂತು. 2010ರಲ್ಲಿ ಸಮಾಜ ವಿಜ್ಞಾನದ ಇನ್ಫೋಸಿಸ್ ಪ್ರಶಸ್ತಿ ಪಡೆದರು. ದೆಹಲಿಯ ಕುರಿತ ಅವರ ಬರಹಗಳು ‘ಅನ್‌ಸಿವಿಲ್ ಸಿಟಿ’ ಎಂಬ ಪುಸ್ತಕವಾಗಿ 2020ರಲ್ಲಿ ಬಂದಿವೆ. ಅಣೆಕಟ್ಟಿನ ಕೆಳಗೆ ಮುಳುಗುವವರನ್ನು ಕಂಡ ಕಣ್ಣು ನಗರಕ್ಕೆ ತಿರುಗಿದಾಗ ಹುಲ್ಲುಹಾಸಿನ ಕೆಳಗೆ ಮುಳುಗಿದವರೂ ಅದಕ್ಕೆ ಕಂಡರು.

ಅವರು ವಿವರಿಸುವ ಒಂದು ಘಟನೆ ಉದ್ಯಾನದಲ್ಲೇ ನಡೆದದ್ದು. ದೆಹಲಿಯ ಅಶೋಕ ವಿಹಾರ, 1995ರ ಜನವರಿ 30. ಒಂದು ಕಡೆ ಸ್ಥಿತಿವಂತರ ಮನೆಗಳು, ಇನ್ನೊಂದು ಕಡೆ ವಜೀರ್‌ಪುರ ಕೈಗಾರಿಕಾ ಪ್ರದೇಶದ ಕಾರ್ಮಿಕರ ಝುಗ್ಗಿಗಳು, ಅಂದರೆ ಗುಡಿಸಲುಗಳು, ನಡುವೆ ಉದ್ಯಾನವೆಂದು ಕರೆಯಲಾಗುವ ಬಯಲು. ಗಣರಾಜ್ಯೋತ್ಸವದ ಮೆರವಣಿಗೆ ನೋಡಲೆಂದು ದೆಹಲಿಗೆ ಬಂದಿದ್ದ ಹದಿನೆಂಟರ ಹುಡುಗನೊಬ್ಬ ಬೆಳಿಗ್ಗೆ ಬಹಿರ್ದೆಸೆಗೆ ಅಲ್ಲಿಗೆ ಹೋದ. ಮನೆಗಳ ಮಾಲೀಕರ ಗುಂಪು ಮತ್ತು ಇಬ್ಬರು ಪೊಲೀಸ್ ಪೇದೆಗಳು ಅವನನ್ನು ಹಿಡಿದು ಹೊಡೆದರು, ಹುಡುಗ ಸತ್ತ. ಅದನ್ನು ಪ್ರತಿಭಟಿಸಲು ಸೇರಿದ ಝುಗ್ಗಿಯ ಜನರ ಮೇಲೆ ಗೋಲಿಬಾರ್ ನಡೆದು ಇನ್ನೂ ನಾಲ್ವರು ಸತ್ತರು. ಮನೆಗಳವರಿಗೆ ಆ ಬಯಲು ಹಸಿರಿನ, ವಿಹಾರದ ಜಾಗ. ಝುಗ್ಗಿಗಳವರಿಗೆ ಅದೊಂದೇ ಶೌಚದ ಜಾಗ. ಏಕೆಂದರೆ ಅಲ್ಲಿನ ಸುಮಾರು ಹತ್ತು ಸಾವಿರ ಕುಟುಂಬಗಳಿಗೆ ಇದ್ದದ್ದು ಮೂರು ಸಾರ್ವಜನಿಕ ಶೌಚಾಲಯ, ಒಂದೊಂದರಲ್ಲಿ ಎಂಟು ಕುಳಿ. ಮನೆಗೆ ಐದು ಜನರೆಂದು ಹಿಡಿದರೆ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಒಂದು ಕುಳಿ. ಈ ಭಾಗಾಕಾರ ಬಾವಿಸ್ಕರ್ ವಾದದ ನಡುಗಂಬ. ಬಯಲು ಕೊಳೆಯಾಗಿತ್ತು, ನಿಜ. ಕೊಳೆಗೆ ಕಾರಣ ಹುಡುಕುವಾಗ ಲೆಕ್ಕ ಎಲ್ಲಿಂದ ಶುರುಮಾಡುತ್ತೇವೆ ಎನ್ನುವುದರ ಮೇಲೆ ಅಪರಾಧಿ ಯಾರೆಂಬುದು ನಿಲ್ಲುತ್ತದೆ.

ಆ ದಶಕದಲ್ಲಿ ಇದೇ ಲೆಕ್ಕ ದೆಹಲಿಯ ತುಂಬ ನಡೆಯಿತು. 1996ರಲ್ಲಿ ಸುಪ್ರೀಂ ಕೋರ್ಟ್ 168 ಅಪಾಯಕಾರಿ ಕಾರ್ಖಾನೆಗಳನ್ನು ದೆಹಲಿಯಿಂದ ಹೊರಹೋಗುವಂತೆ ಆದೇಶಿಸಿತು. ಹೊಗೆ ಹೋಯಿತು, ಅದರ ಜೊತೆಗೆ ಕೂಲಿಯೂ ಹೋಯಿತು. 2004ರಲ್ಲಿ ಯಮುನೆಯ ದಡದ ಪುಷ್ತಾದ ಗುಡಿಸಲು ಬಸ್ತಿಗಳನ್ನು ನದಿಯ ಶುದ್ಧಿಯ ಹೆಸರಿನಲ್ಲಿ ನೆಲಸಮ ಮಾಡಿದರು. ಅದೇ ನದಿಪಾತ್ರದ ಆಚೆ ದಡದಲ್ಲಿ ಮರುವರ್ಷವೇ ಅಕ್ಷರಧಾಮ ದೇವಾಲಯ ತಲೆಯೆತ್ತಿತು, 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕ್ರೀಡಾಗ್ರಾಮವೂ ಎದ್ದಿತು. ಗುಡಿಸಲು ನದಿಯನ್ನು ಕೆಡಿಸುತ್ತದೆ, ಕಾಂಕ್ರೀಟು ಕೆಡಿಸುವುದಿಲ್ಲ ಎಂಬ ವಿಜ್ಞಾನ ಯಾವ ಪಠ್ಯದಲ್ಲಿದೆಯೋ ತಿಳಿಯದು. ರಸ್ತೆಯ ದಟ್ಟಣೆಗೆ ಸೈಕಲ್ ರಿಕ್ಷಾವನ್ನು ದೂರುವವರು ಕಾರನ್ನು ಏಕೆ ದೂರುವುದಿಲ್ಲ ಎಂದು ಇನ್ನೊಂದು ಪ್ರಬಂಧದಲ್ಲಿ ಬಾವಿಸ್ಕರ್ ಕೇಳುತ್ತಾರೆ. ದೂರು ಬರೆಯುವವರು ಕಾರಿನೊಳಗೆ ಕೂತಿರುತ್ತಾರೆ, ಅಷ್ಟೇ.

ನ್ಯಾಯಾಲಯದ ಭಾಷೆಯೂ ಆ ವರ್ಷಗಳಲ್ಲಿ ಬದಲಾಯಿತು. 1985ರಲ್ಲಿ, ಮುಂಬೈಯ ಪಾದಚಾರಿ ಮಾರ್ಗದ ನಿವಾಸಿಗಳ ಓಲ್ಗಾ ಟೆಲಿಸ್ ಪ್ರಕರಣದಲ್ಲಿ, ಜೀವನೋಪಾಯದ ಹಕ್ಕು ಬದುಕಿನ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ ಹೇಳಿತ್ತು. 2000ದಲ್ಲಿ, ಕಸ ವಿಲೇವಾರಿಯ ಕುರಿತಾಗಿದ್ದ ಅಲ್ಮಿತ್ರಾ ಪಟೇಲ್ ಪ್ರಕರಣದಲ್ಲಿ ಅದೇ ಕೋರ್ಟ್, ಒತ್ತುವರಿದಾರನಿಗೆ ಬದಲಿ ನಿವೇಶನ ಕೊಡುವುದು ಜೇಬುಗಳ್ಳನಿಗೆ ಬಹುಮಾನ ಕೊಟ್ಟಂತೆ ಎಂದಿತು. ನಡುವೆ ಹದಿನೈದು ವರ್ಷ. ಎರಡೂ ಕಡೆ ‘ಸಾರ್ವಜನಿಕ’ ಎಂಬ ಪದ ಇದೆ, ಆದರೆ ಎರಡನೆಯದರಲ್ಲಿ ಗುಡಿಸಲಿನವನು ಆ ಸಾರ್ವಜನಿಕರಲ್ಲಿ ಒಬ್ಬನಾಗಿ ಉಳಿದಿಲ್ಲ.

ಇದು ನಮ್ಮ ದೇಶದ ಕಾಯಿಲೆ ಮಾತ್ರ ಎಂದುಕೊಳ್ಳಬೇಕಿಲ್ಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗಾಗಿ 1857ರ ಹೊತ್ತಿಗೆ ಸುಮಾರು 1,600 ಜನರನ್ನು ಎಬ್ಬಿಸಿದರು. ಅವರಲ್ಲಿ ಸೆನೆಕಾ ವಿಲೇಜ್ ಎಂಬ, ಚರ್ಚು ಶಾಲೆಗಳಿದ್ದ, ಬಹುಪಾಲು ಕಪ್ಪು ಜನರ ವಸತಿಯೂ ಸೇರಿತ್ತು. ಬಡವರಿಗೆ ಶಿಸ್ತು ಕಲಿಸುವ ಪಾಠಶಾಲೆಯಾಗಿಯೂ ಆ ಪಾರ್ಕನ್ನು ಬಳಸಿದರು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞೆ ಡೊರ್ಸೆಟಾ ಟೇಲರ್ ತೋರಿಸಿದ್ದಾರೆ. ಹುಲ್ಲಿನ ಮೇಲೆ ಕಾಲಿಡಬಾರದು ಎಂಬ ನಿಯಮ ಅಲ್ಲಿ ಆಗಲೇ ಇತ್ತು. ವರ್ಷಕ್ಕೆ 550 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ನಮ್ಮ ಊರಿನಲ್ಲೂ ಅದೇ ಹುಲ್ಲು, ಅದೇ ಫಲಕ. ಫಲಕ ಮರಾಠಿಯಲ್ಲಿದೆ ಎನ್ನುವುದೊಂದೇ ವ್ಯತ್ಯಾಸ.

ಈಗ ಸೊಲ್ಲಾಪುರಕ್ಕೆ ಬರೋಣ. ಇಲ್ಲಿ ಯಾರೂ ಯಾರನ್ನೂ ಉದ್ಯಾನದಲ್ಲಿ ಕೊಂದಿಲ್ಲ; ದೆಹಲಿಯ ಕಥೆಯನ್ನು ಎತ್ತಿ ಇಲ್ಲಿ ಅಂಟಿಸುವುದು ಅನ್ಯಾಯವಾಗುತ್ತದೆ. ನಮ್ಮ ಅಸಮಾನತೆಗೆ ಖಳನಾಯಕ ಬೇಕಿಲ್ಲ, ನಿಯಮಗಳೇ ಸಾಕು. ಕೇಡಿನ ಉದ್ದೇಶವಿಲ್ಲದೆ, ಎಲ್ಲವೂ ಕಾನೂನಿನ ಪ್ರಕಾರವೇ ನಡೆದು, ಕೊನೆಗೆ ಹಸಿರೆಲ್ಲ ಒಂದೇ ಕಡೆ ಜಮೆಯಾಗುವ ಬಗೆ ನೋಡುವಂಥದ್ದು.

ಮಹಾರಾಷ್ಟ್ರದಲ್ಲಿ 2020ರಲ್ಲಿ ಬಂದ ಏಕೀಕೃತ ಕಟ್ಟಡ ನಿಯಮಾವಳಿಯ ಪ್ರಕಾರ 4,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ಹೊಸ ಲೇಔಟ್ ಮಾಡುವವರು ಹತ್ತನೆಯ ಒಂದು ಪಾಲನ್ನು ವಿಹಾರಕ್ಕಾಗಿ ತೆರವು ಬಿಡಬೇಕು. ಇದನ್ನು ಆಡುಮಾತಿನಲ್ಲಿ ‘ಓಪನ್ ಸ್ಪೇಸ್’ ಎನ್ನುತ್ತಾರೆ. ಒಳ್ಳೆಯ ನಿಯಮವೇ. ನಮ್ಮ ಉದ್ಯಾನ ಹುಟ್ಟಿದ್ದೂ ಇಂಥ ಹಳೆಯ ನಿಯಮವೊಂದರ ಕೃಪೆಯಿಂದ. ಆದರೆ ಲೇಔಟ್ ಆಗುವುದು ಎಲ್ಲಿ? ಹೊಲ ಬಿನ್‌ಶೇತಿ, ಅಂದರೆ ಕೃಷಿಯೇತರ ಜಾಗ, ಆಗುವ ಊರ ಹೊರಬದಿಯಲ್ಲಿ, ನಿವೇಶನ ಕೊಳ್ಳಬಲ್ಲವರಿಗಾಗಿ. 1877ರಲ್ಲಿ ಶುರುವಾದ ಹಳೆಯ ಬಟ್ಟೆ ಗಿರಣಿಯ ಕಾಲದಿಂದ ಒತ್ತೊತ್ತಾಗಿ ಬೆಳೆದ ಕಾರ್ಮಿಕರ ಓಣಿಗಳು, ಮಗ್ಗದ ಸದ್ದಿನ ಪೇಟೆಗಳು, ಒಂದಿಷ್ಟು ಖಾಲಿ ಜಾಗ ಕಂಡಲ್ಲಿ ಎದ್ದ ತಗಡಿನ ಮನೆಗಳು ಲೇಔಟ್ ಆಗಿ ಹುಟ್ಟಿದವಲ್ಲ. ಹತ್ತನೆಯ ಒಂದು ಪಾಲಿನ ನಿಯಮ ಅವುಗಳನ್ನು ಮುಟ್ಟುವುದೇ ಇಲ್ಲ. ನಿಯಮ ಎಲ್ಲರಿಗೂ ಒಂದೇ, ಅದರ ನೆರಳು ಮಾತ್ರ ಕೆಲವರ ಮೇಲೆ ಬೀಳುತ್ತದೆ.

ಹಾಗಾದರೆ ಹಳೆಯ ಓಣಿಗಳಿಗೆ ಉದ್ಯಾನ ಎಲ್ಲಿಂದ ಬರಬೇಕು? ವಿಕಾಸ ಆರಾಖಡಾ, ಅಂದರೆ ಅಭಿವೃದ್ಧಿ ಯೋಜನೆಯಿಂದ. ಅದರ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದು ಒಂದು ಜಾಗವನ್ನು ಉದ್ಯಾನಕ್ಕೆಂದು ಮೀಸಲಿಡುತ್ತಾರೆ. ನಮ್ಮಲ್ಲಿ ಜನ ‘ಆರಕ್ಷಣ ಬಿದ್ದ ಜಾಗ’ ಎನ್ನುವುದು ಇದಕ್ಕೇ. ಮದುವೆ ಮಾತುಕತೆಯಲ್ಲೂ ಈ ಪದ ಬರುವುದುಂಟು: ಹುಡುಗನಿಗೆ ಜಾಗ ಇದೆ, ಆದರೆ ಆರಕ್ಷಣ ಬಿದ್ದಿದೆಯಂತೆ. ಜಾಗ ಮಾತ್ರ ಖಾಸಗಿಯವರದ್ದೇ ಆಗಿರುತ್ತದೆ, ಸ್ಥಳೀಯ ಸಂಸ್ಥೆ ಹಣ ಕೊಟ್ಟು ಅದನ್ನು ಸ್ವಾಧೀನ ಮಾಡಿಕೊಳ್ಳಬೇಕು. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ 127ನೇ ಕಲಮಿನ ಪ್ರಕಾರ, ಹತ್ತು ವರ್ಷಗಳಲ್ಲಿ ಸ್ವಾಧೀನವಾಗದಿದ್ದರೆ ಮಾಲೀಕ ನೋಟಿಸ್ ಕೊಡಬಹುದು. 2015ರ ತಿದ್ದುಪಡಿಯ ನಂತರ, ನೋಟಿಸ್ ತಲುಪಿದ 24 ತಿಂಗಳಲ್ಲಿ ಸ್ವಾಧೀನದ ಹೆಜ್ಜೆ ಇಡದಿದ್ದರೆ ಆ ಮೀಸಲು ರದ್ದಾಗುತ್ತದೆ. ಮಾಲೀಕನ ಕಡೆಯಿಂದ ನೋಡಿದರೆ ಇದೂ ನ್ಯಾಯವೇ. ಮಾರಲೂ ಆಗದೆ ಕಟ್ಟಲೂ ಆಗದೆ ಎಷ್ಟು ಕಾಲ ಆತ ಕಾಯಬೇಕು? ಆದರೆ ಪರಿಣಾಮ ನೋಡಿ. ಊರ ನಡುವಿನ ಜಾಗ ದುಬಾರಿ. ನೌಕರರ ಸಂಬಳ, ಉಜನಿ ಅಣೆಕಟ್ಟಿನಿಂದ ನೂರು ಕಿಲೋಮೀಟರಿಗೂ ದೂರ ನೀರು ತರುವ ಖರ್ಚು ಇವೇ ಬೆನ್ನು ಮುರಿಯುವಾಗ ಉದ್ಯಾನಕ್ಕೆ ಭೂಮಿ ಕೊಳ್ಳುವುದು ಯಾರ ಪಟ್ಟಿಯಲ್ಲೂ ಮೊದಲಿಗೆ ಬರುವುದಿಲ್ಲ. ಹೀಗೆ ಬಡ ಓಣಿಯ ಉದ್ಯಾನ ನಕ್ಷೆಯಲ್ಲಿ ಹುಟ್ಟಿ ನಕ್ಷೆಯಲ್ಲೇ ಸಾಯುತ್ತದೆ. ಕಡಿಯಲು ಅಲ್ಲಿ ಮರ ಇರಲಿಲ್ಲವಾದ್ದರಿಂದ ಯಾವ ಪರಿಸರಪ್ರೇಮಿಯೂ ಪ್ರತಿಭಟಿಸುವುದಿಲ್ಲ.

ಸರ್ಕಾರಿ ಮಾನದಂಡಗಳು ಈ ವ್ಯತ್ಯಾಸವನ್ನು ಕಾಣುವುದಿಲ್ಲ, ಕಾಣುವಂತೆ ಅವನ್ನು ರೂಪಿಸಿಯೂ ಇಲ್ಲ. ಕೇಂದ್ರದ 2014ರ ನಗರ ಯೋಜನಾ ಮಾರ್ಗಸೂಚಿ ತಲಾ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಲಿ ಎನ್ನುತ್ತದೆ. ತಲಾ ಎಂದರೆ ಸರಾಸರಿ. ಒಬ್ಬನ ತಾಟಿನಲ್ಲಿ ಎರಡು ಶೇಂಗಾ ಹೋಳಿಗೆ, ಇನ್ನೊಬ್ಬನ ತಾಟು ಬರಿದು; ಸರಾಸರಿ ಒಂದೊಂದು ಹೋಳಿಗೆ ತಿಂದರೆಂದು ವರದಿ ಬರೆಯಬಹುದು. ನಗರಾಭಿವೃದ್ಧಿಗೆಂದು ಕೇಂದ್ರ ತಂದ 2015ರ ಅಮೃತ್ ಯೋಜನೆಯಲ್ಲಿ ಉದ್ಯಾನಗಳಿಗೆಂದು ಎರಡೂವರೆ ಶೇಕಡಾ ಹಣ ತೆಗೆದಿಟ್ಟದ್ದು ಸ್ವಾಗತಾರ್ಹವೇ. ಆದರೆ ಹಣ ಹರಿಯುವುದು ಈಗಾಗಲೇ ಜಾಗ ಇರುವ ಕಡೆಗೆ, ಜಾಗ ಇರುವುದು ಲೇಔಟ್ ಇರುವ ಕಡೆಗೆ.

ಜಾಗ ಸಿಕ್ಕರೂ ಮುಗಿಯಲಿಲ್ಲ. ಇನ್ನು ಹೊತ್ತಿನ ಪ್ರಶ್ನೆ. ಬೆಳಿಗ್ಗೆ ಐದೂವರೆಯಿಂದ ಹತ್ತು, ಸಂಜೆ ನಾಲ್ಕೂವರೆಯಿಂದ ಎಂಟೂವರೆ: ಇದು ಯಾರಿಗೂ ಅನ್ಯಾಯ ಮಾಡದ ವೇಳಾಪಟ್ಟಿಯಂತೆ ಕಾಣುತ್ತದೆ. ನನ್ನಂಥವನಿಗೆ ಹೇಳಿ ಮಾಡಿಸಿದ್ದು. ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ 43 ಡಿಗ್ರಿ ಮುಟ್ಟುವ ಊರಿನಲ್ಲಿ ನೆರಳು ಬೇಕಾಗುವುದು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ನಡುವೆ. ಆಗ ನಮ್ಮ ಮನೆಗಳಲ್ಲಿ ಕೂಲರ್ ಓಡುತ್ತಿರುತ್ತದೆ. ತಗಡಿನ ಸೂರಿನ ಕೆಳಗೆ ಬೀಡಿ ಕಟ್ಟುವ ಹೆಂಗಸಿಗೆ ಮನೆಯೇ ಒಲೆ. ಬೀಡಿಯ ಕೆಲಸವೋ ಮೊರವೊಂದಿದ್ದರೆ ಎಲ್ಲಿಯಾದರೂ ಕೂತು ಮಾಡಬಹುದಾದದ್ದು. ಸಾವಿರ ಬೀಡಿಯ ಲೆಕ್ಕದಲ್ಲಿ ಕೂಲಿ, ಕೈ ನಿಂತರೆ ಕೂಲಿ ನಿಂತಿತು. ಬೆಳಿಗ್ಗೆ ಅವಳಿಗೆ ವಾಕಿಂಗಿಗೆ ಬಿಡುವಿಲ್ಲ. ನಾಲ್ಕೈದು ದಿನಕ್ಕೊಮ್ಮೆ ನಳಕ್ಕೆ ನೀರು ಬರುವ ಊರಿನಲ್ಲಿ ಆ ಹೊತ್ತು ಕೊಡಗಳ ಪಾಲು. ಉದ್ಯಾನ ಅವಳಿಗೆ ಉಪಯೋಗಕ್ಕೆ ಬರುವ ಗಂಟೆಗಳನ್ನೇ ಆರಿಸಿ ನಾವು ಬೀಗ ಹಾಕಿಸಿದ್ದೆವು. ಅದು ನಮಗೆ ಅರಿವಿಗೆ ಬರಲಿಲ್ಲ ಎನ್ನುವುದು ಸುಳ್ಳು. ಅರ್ಜಿಯಲ್ಲಿ ಬೀಡಿಯ ಮಾತು ಇತ್ತಲ್ಲ.

ವಿಹಾರಕ್ಕೆ ಬಂದರೆ ಬಳಕೆ, ಕೆಲಸಕ್ಕೆ ಕೂತರೆ ದುರ್ಬಳಕೆ. ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕಚೇರಿಯ ಕೆಲಸ ಮಾಡುವ ಹುಡುಗನಿಂದ ಪರಿಸರ ಹಾಳಾದದ್ದು ನಾನಂತೂ ಕೇಳಿಲ್ಲ.

ಹಿಂದಿನ ಕಾಲ ಚೆನ್ನಾಗಿತ್ತು, ಕೆರೆ ಕಟ್ಟೆ ಎಲ್ಲರದ್ದಾಗಿತ್ತು ಎಂದು ಇಲ್ಲಿ ಬರೆಯಬೇಕೆನಿಸುತ್ತದೆ. ಸೊಲ್ಲಾಪುರದ ಕನ್ನಡಿಗನಿಗೆ ಆ ಆಸೆ ಜಾಸ್ತಿ. ಹನ್ನೆರಡನೆಯ ಶತಮಾನದಲ್ಲಿ, ಇದು ಸೊನ್ನಲಿಗೆಯಾಗಿದ್ದಾಗ, ಸಿದ್ಧರಾಮ ಕೆರೆ ತೋಡಿಸಿದ ಊರಿದು. ಆ ಮಣ್ಣಿನ ಕೆಲಸವನ್ನೇ ಹಿಡಿದು ಅಲ್ಲಮ ಅವನನ್ನು ಒಡ್ಡನೆಂದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಇಂದಿಗೂ ಸಂಕ್ರಾಂತಿಯ ಜಾತ್ರೆಗೆ ನಂದಿಧ್ವಜಗಳು ಊರು ಸುತ್ತುವಾಗ, ಸಮ್ಮತಿ ಕಟ್ಟೆಯ ಬಳಿ ಅಕ್ಷತೆ ಬೀಳುವಾಗ ಕೆರೆಯ ದಂಡೆಗೆ ಗೇಟು, ಗಂಟೆ ಯಾವುದೂ ಇರುವುದಿಲ್ಲ. ಆದರೆ ಕೆರೆಗಳ ಇನ್ನೊಂದು ಚರಿತ್ರೆಯೂ ಇದೇ ರಾಜ್ಯದಲ್ಲಿದೆ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತವೆಂದು 1923ರಲ್ಲಿ ಮುಂಬೈ ಶಾಸನ ಪರಿಷತ್ತು ನಿರ್ಣಯ ಮಾಡಿತು. ಮಹಾಡದ ಪುರಸಭೆ ಅದನ್ನು ಒಪ್ಪಿಕೊಂಡಿತು. ಆದರೂ ಚವದಾರ ಕೆರೆಯ ನೀರು ಮುಟ್ಟಲು ಅಂಬೇಡ್ಕರ್ 1927ರ ಮಾರ್ಚ್ 20ರಂದು ಸಾವಿರಾರು ಜನರೊಂದಿಗೆ ನಡೆದುಹೋಗಬೇಕಾಯಿತು. ಹೊಡೆತ ತಿಂದು, ಕೆರೆಯನ್ನು ‘ಶುದ್ಧೀಕರಿಸಿದ್ದನ್ನು’ ನೋಡಿ, ಹೈಕೋರ್ಟಿನಲ್ಲಿ ಗೆಲ್ಲುವಷ್ಟರಲ್ಲಿ 1937 ಬಂದಿತ್ತು. ಕಾಗದದಲ್ಲಿ ತೆರೆದ ಜಾಗ ಕಾಲಿಗೆ ತೆರೆಯಲು ಹದಿನಾಲ್ಕು ವರ್ಷ. ಹಾಗಾಗಿ ‘ಎಲ್ಲರಿಗೂ ಪ್ರವೇಶ ಮುಕ್ತ’ ಎಂಬ ಫಲಕ ನೋಡಿದಾಗ ನನಗೆ ಮೊದಲು ಬರುವುದು ಅನುಮಾನ. ಶುದ್ಧಿಯ ಮಾತು ಬಂದಲ್ಲಂತೂ ಇನ್ನಷ್ಟು.

ಬಾವಿಸ್ಕರ್ ಅವರ ವಾದಕ್ಕೆ ಒಂದು ಗಟ್ಟಿ ಆಕ್ಷೇಪವೂ ಇದೆ. ಹೊಗೆ, ಕೊಳಚೆ ಮೊದಲು ಕೊಲ್ಲುವುದು ಬಡವರನ್ನೇ. ಸರ್ಕಾರಗಳು ಕೈಕಟ್ಟಿ ಕೂತಿದ್ದಾಗ ಕೋರ್ಟಿಗೆ ಹೋದವರು ಇದೇ ಮಧ್ಯಮ ವರ್ಗದವರು. 1998ರ ಆದೇಶದಿಂದ ದೆಹಲಿಯ ಬಸ್ಸುಗಳು ಸಿಎನ್‌ಜಿಗೆ ತಿರುಗಿದಾಗ ಬಸ್ಸಿನಲ್ಲಿ ಓಡಾಡುವವನೂ ಅದರ ಲಾಭ ಉಂಡ. ಇದನ್ನು ನಾನು ಒಪ್ಪುತ್ತೇನೆ. ಉಳ್ಳವರ ಪರಿಸರವಾದ ಎಂಬ ಹೆಸರು ಬೈಗುಳವಾಗಿ ಬಳಕೆಯಾದರೆ ಅದರ ಅಲಗು ಮೊಂಡಾಗುತ್ತದೆ. ಅದು ಉಪಯೋಗಕ್ಕೆ ಬರುವುದು ಒಂದು ಪರೀಕ್ಷೆಯಾಗಿ. ಈ ಶುಚಿಯ ಖರ್ಚು ಯಾರ ಲೆಕ್ಕಕ್ಕೆ ಬಿತ್ತು? ಬಸ್ಸಿನ ಇಂಧನ ಬದಲಾದಾಗ ಖರ್ಚು ಹಂಚಿಹೋಯಿತು. ಪುಷ್ತಾ ನೆಲಸಮವಾದಾಗ ಪೂರ್ತಿ ಖರ್ಚು ಅಲ್ಲಿದ್ದವರ ತಲೆಗೆ ಬಿತ್ತು.

ಊರ ಹೊರಗೂ ಈ ಪರೀಕ್ಷೆ ನಡೆಸಬಹುದು. ನಮ್ಮ ಜಿಲ್ಲೆಯ ನಾನ್ನಜ್‌ನ ಮಾಳಢೋಕ್ (ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ) ಪಕ್ಷಿಧಾಮ 1979ರಲ್ಲಿ ಘೋಷಣೆಯಾದಾಗ ಅದರ ವಿಸ್ತಾರ ಸುಮಾರು 8,500 ಚದರ ಕಿಲೋಮೀಟರ್. ಪಟ್ಟಣಗಳೂ ಹೊಲಗಳೂ ಅದರೊಳಗೇ. ಕೊನೆಗೆ ಅದನ್ನು 1,222 ಚದರ ಕಿಲೋಮೀಟರಿಗೆ ಇಳಿಸಬೇಕಾಯಿತು. ಅಷ್ಟು ವರ್ಷ ಆ ಗೆರೆಯ ಭಾರ ಹೊತ್ತವರು ರೈತರು, ಕುರಿಗಾಹಿಗಳು. ಹಕ್ಕಿಯಂತೂ ಕಣ್ಣಿಗೆ ಬೀಳದಷ್ಟು ಕಡಿಮೆಯಾಯಿತು.

ಇನ್ನು ಕುಂಭಾರಿಯ ಕಡೆ ಹೊಸ ಸೊಲ್ಲಾಪುರವೇ ಎದ್ದಿದೆ. ಅಸಂಘಟಿತ ಕಾರ್ಮಿಕರಿಗೆಂದು 30,000 ಮನೆಗಳ ರೇ ನಗರ ಯೋಜನೆ, ಅದರಲ್ಲಿ 15,000 ಮನೆಗಳು 2024ರ ಜನವರಿ 19ರಂದು ಹಸ್ತಾಂತರವಾದವು. ಬೀಡಿ ಕಟ್ಟುವವರಿಗೆ, ನೇಕಾರರಿಗೆ ಪಕ್ಕಾ ಮನೆ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಅಲ್ಲಿ ಇನ್ನೂ ಎಲ್ಲವನ್ನೂ ಹೊಸದಾಗಿ ತೀರ್ಮಾನಿಸಬಹುದು: ಎಲ್ಲಿ ಬೇವು, ಎಲ್ಲಿ ಹೊಂಗೆ, ಎಲ್ಲಿ ಕಟ್ಟೆ, ಗೇಟು ಬೇಕೇ ಬೇಡವೇ. ತೀರ್ಮಾನದ ಮೇಜಿನ ಸುತ್ತ ಯಾರಿರುತ್ತಾರೆ ಎನ್ನುವುದೇ ದೊಡ್ಡ ವಿಷಯ. ಅಮೆರಿಕದ ಪರಿಸರ ಸಂಸ್ಥೆಗಳಲ್ಲಿ ಬಿಳಿಯರಲ್ಲದವರ ಪಾಲು 16 ಶೇಕಡಾ ದಾಟುವುದಿಲ್ಲವೆಂದು ಟೇಲರ್ 2014ರಲ್ಲಿ ಲೆಕ್ಕ ಕೊಟ್ಟರು. ನಮ್ಮ ಅಭಿವೃದ್ಧಿ ಯೋಜನೆಯ ಕರಡಿಗೆ ಆಕ್ಷೇಪ ಸಲ್ಲಿಸಲು ಮೂವತ್ತು ದಿನ ಸಿಗುತ್ತದೆ. ಆ ನಕ್ಷೆಯ ಮುಂದೆ ನಿಂತು ಸರ್ವೇ ನಂಬರು ಹುಡುಕುವವರು ಸರ್ವೇ ನಂಬರು ಇರುವವರೇ. ಜಾಗವಿಲ್ಲದವನು ಯಾವ ನಂಬರು ಹುಡುಕಬೇಕು?

ಕಳೆದ ತಿಂಗಳ ಬಡಾವಣೆಯ ಸಭೆಯಲ್ಲಿ ಎರಡು ಮಾತು ಮುಂದಿಟ್ಟೆ. ಬೇಸಿಗೆಯಲ್ಲಾದರೂ ಮಧ್ಯಾಹ್ನ ಗೇಟು ತೆಗೆದಿಡೋಣ, ಮೂಲೆಯಲ್ಲಿ ಒಂದು ನಳ ಮತ್ತು ಶೌಚಾಲಯ ಕಟ್ಟಿಸೋಣ. ಮೊದಲನೆಯದಕ್ಕೆ, ನಿವೇಶನದ ದುಡ್ಡಿನಲ್ಲಿ ಆ ಜಾಗದ ದುಡ್ಡನ್ನೂ ನಾವೇ ಕೊಟ್ಟಿದ್ದೇವೆ ಎಂಬ ಉತ್ತರ ಬಂತು. ಅದು ಪೂರ್ತಿ ತಪ್ಪಲ್ಲವಾದ್ದರಿಂದ ನನ್ನ ಬಾಯಿ ಕಟ್ಟಿತು. ಎರಡನೆಯದನ್ನು, ಶೌಚಾಲಯ ಮಾಡಿದರೆ ಹೊರಗಿನವರು ಬರುತ್ತಾರೆ ಎಂದು ಕೈಬಿಟ್ಟರು. ಸಭೆ ಮುಗಿದು ಚಹಾ ಕುಡಿಯುವಾಗ ಎಪ್ಪತ್ತು ದಾಟಿದ ಕಾಕಾ ಒಬ್ಬರು ನನ್ನನ್ನು ಬದಿಗೆ ಕರೆದರು. ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಎರಡು ಸುತ್ತು ಹಾಕುವಷ್ಟರಲ್ಲಿ ಮನೆಗೆ ಓಡಬೇಕಾಗುತ್ತದೆ, ಶೌಚಾಲಯ ಆದರೆ ಒಳ್ಳೆಯದೇ ಆಗುತ್ತಿತ್ತು ಎಂದರು. ಅದನ್ನು ಸಭೆಯಲ್ಲೇ ಹೇಳಬಹುದಿತ್ತಲ್ಲ ಕಾಕಾ ಎಂದೆ. ಅವರು ಕಪ್ಪನ್ನು ಕೆಳಗಿಟ್ಟು, ಅಷ್ಟು ಜನರೆದುರು ಅದೆಲ್ಲ ಹೇಗೆ ಹೇಳುವುದು ಎಂದು ಹೊರಟುಹೋದರು.